ನಾನೂರು ಗ್ರಾಂ

ರುವಿಯ ಅಂಗಡಿಯಲ್ಲಿ ಯಾರ ಅಳತೆಯನ್ನೂ
ನಾನು ಗಟ್ಟಿಯಾಗಿ ಹೇಳುವುದಿಲ್ಲ,
ಚೀಟಿಯಲ್ಲಿ ಬರೆದು ಮಡಚುತ್ತೇನೆ.
ನನ್ನದನ್ನು ಇನ್ಶೂರೆನ್ಸಿನವರು ಫೋನಿನಲ್ಲೇ ಓದಿದರು:
ಎತ್ತರ, ತೂಕ, ಮೊಣಕಾಲಿನ ಎಕ್ಸ್‌ರೇ,
ನಿದ್ದೆಯಲ್ಲಿ ಎಷ್ಟು ಸಲ ಉಸಿರು ನಿಲ್ಲುತ್ತದೆ.

ಆರು ತಿಂಗಳು ಪಥ್ಯ ಮಾಡಿ ಬನ್ನಿ, ಎಂದರು.
ಮಾಡಿದೆ. ಊರಿಂದ ಬಂದ ಕುಸ್ವಾರ್ ಡಬ್ಬವನ್ನು
ಪಕ್ಕದ ಶಮೀಮಳ ಮಕ್ಕಳು ಖಾಲಿ ಮಾಡಿದರು.
ನಾನು ಸೌತೆಕಾಯಿ ಕಚ್ಚುತ್ತ
ಯಾರದೋ ಮದುವೆಯ ತೋಳಿಗೆ ಮಣಿ ಪೋಣಿಸಿದೆ.

ಇಳಿಯಿತು.
ಇಳಿದದ್ದೇ ತಪ್ಪಾಯಿತು.
ಗೆರೆ ನಲವತ್ತು, ನಾನು ಮೂವತ್ತೊಂಬತ್ತು ಚಿಲ್ಲರೆ.
"ನಿಮಗಿನ್ನು ಆಪರೇಶನ್ ಬೇಡ, ಫ್ಲಾವಿಯಾ ಮೇಡಂ,"
ಹುಡುಗ ಅಭಿನಂದಿಸಿದ.
ಇಳಿಯದಿದ್ದರೆ?
"ಪಥ್ಯ ಪಾಲಿಸಿಲ್ಲ ಅಂತ ಬರೀತಿದ್ವಿ."

ನಾನೂರು ಗ್ರಾಂ ಕಡಿಮೆ.
ಒಂದು ರವಿಕೆ, ಅದರ ಲೈನಿಂಗು, ಗುಂಡಿ.
ಮೆಟ್ಟಿಲು ಹತ್ತುವ ಮೊಣಕಾಲಿಗೆ ಆ ಗೆರೆ ಗೊತ್ತಿಲ್ಲ.

ಮರುತೂಕದ ಹಿಂದಿನ ರಾತ್ರಿ
ಗೌನಿನ ಒಳಗೆ, ಎಡಕ್ಕೆ, ಒಂದು ಜೇಬು ಹೊಲಿದೆ.
ಇಪ್ಪತ್ತು ವರ್ಷದ ಕಬ್ಬಿಣದ ಕತ್ತರಿಯನ್ನು
ಅದರೊಳಗೆ ಇಳಿಬಿಟ್ಟೆ.
ಹೊಲಿಗೆ ನೇರ ಬಂತು. ಕೈ ನಡುಗಲಿಲ್ಲ.

ಚಪ್ಪಲಿ ಬಿಡಿ, ಅಂದಳು ನರ್ಸ್.
ಹತ್ತಿದೆ. ಯಂತ್ರದ ಕಂಬಿಗೆ ಏನೋ ಟಿಣ್ ಎಂದಿತು.
ಅವಳು ನನ್ನ ಮುಖ ನೋಡಿದಳು,
ಆಮೇಲೆ ಕಿಟಕಿಯಾಚೆಯ ಬೋಳು ಗುಡ್ಡ ನೋಡಿದಳು,
ಅಂಕಿ ಬರೆದಳು.

ಬಾಗಿಲ ತನಕ ಬಂದು, ಮೆಲ್ಲಗೆ:
"ಮಗಳ ಯೂನಿಫಾರ್ಮ್ ಬಿಗಿಯಾಗಿದೆ. ಸಡಿಲ ಮಾಡಿ ಕೊಡ್ತೀರಾ?"

ಅಂಚಿನಲ್ಲಿ ಬಟ್ಟೆ ಬಿಟ್ಟಿದ್ದರೆ
ಖಂಡಿತ, ಅಂದೆ.