ಬಣ್ಣ ಜಾಸ್ತಿ, ಖಾರ ಕಡಿಮಿ

ಬ್ಯಾಡಗಿಯೊಳಗ ಸೀನು ಅಂದ್ರ ಯಾರೂ ತಿರುಗಿ ನೋಡಂಗಿಲ್ಲ.
ಆದ್ರ ಐತವಾರ ಮುಂಜಾನೆ ನಮ್ಮ ಪಡಸಾಲಿಯಿಂದ
ಒಂದರ ಬೆನ್ನಿಗೊಂದು ಏಳು ಸೀನು ಕೇಳಿ
ಎದುರುಮನಿ ಶಾಂತಕ್ಕ ಸುದ್ದಾ
ಕಸಬರಿಗಿ ಹಿಡಕೊಂಡ ಬಂದ್ಲು.

ದಾನೇಶ್ವರಿ, ಎರಡನೇತ್ತಾ,
ಬಣ್ಣದ ಪೆಟಿಗಿ ತೀರಿತ್ತಂತ
ಅಡಗಿಮನಿಗೆ ಹೋಗಿ ತಾನ ಬಣ್ಣ ಹುಡುಕ್ಯಾಳ:
ಕೆಂಪಿಗೆ ಖಾರಪುಡಿ,
ಅದೂ ಡಬ್ಬಿಕಾಯಿದ್ದ ಬೇಕು, ಸಾದಾ ನಡೆಯಂಗಿಲ್ಲ.
ಹಳದಿಗೆ ಅರಿಷಿಣ.
ನೀಲಿಗೆ ಅಜ್ಜನ ಧೋತರಕ್ಕ ಹಾಕು ನೀಲಿ.
ಕರೀದಕ್ಕ ಹಂಚಿನ ತಳ ಕೆರದಾಳ.
ಹಾಳಿ ಅಂದ್ರ ದಲಾಲಿ ಅಂಗಡಿ ಕ್ಯಾಲೆಂಡರು,
ಹೋದ ವರ್ಷದ್ದು, ಬೆನ್ನು ಬೋಳು.

'ಯಾರೂ ಉಸರ ಬಿಡಬ್ಯಾಡ್ರಿ, ಇನ್ನೂ ಹಸೀ ಐತಿ'
ಅಂತ ಗ್ವಾಡಿಗೆ ಆನಿಸಿ ನಿಲ್ಲಿಸಿದ್ಲು
ನಮ್ಮನ್ನೆಲ್ಲಾ.

ಅಜ್ಜನ ಮೀಸಿ ಹಾಳಿಯ ಈ ಕಡೆಯಿಂದ ಆ ಕಡೆ,
ಅದರ ಮ್ಯಾಲ ಒಂದು ಕಾಗಿ.
'ಕಾಗಿ ಯಾಕವಾ?'
'ಜಾಗಾ ಇತ್ತಲ್ಲ.'
ವೈನಿಗೆ ನಾಕು ಕೈ.
'ದೇವಿ ಮಾಡೀಯೇನ ನನ್ನ?' ಅಂತ ಅಕಿ ಉಬ್ಬಿದ್ರ,
'ಅಲ್ಲವಾ, ಮೊದಲಿನ್ವು ಎರಡು ಕೆಟ್ಟಿದ್ವು, ಮತ್ತೆರಡು ತೆಗದೆ.'
ನನಗ ಕುತ್ತಿಗಿನ ಇಲ್ಲ.
'ಅತ್ತಿ, ನೀ ಕಾಯಿ ತುಂಬು ಮುರಕೋತ ಕುಂತ್ರ
ಕುತ್ತಿಗಿ ಎಲ್ಲಿ ಕಾಣ್ತೇತಿ?'
ಆ ಮಾತಿಗೆ ನಾ ಸಂಜಿತನಾ ನೆಟ್ಟಗ ಕುಂತೆ.

'ನೀ ಎಲ್ಲಿ ಅದೀ ಇದರಾಗ?' ಕಾಕಾ ಕೇಳಿದ.
ದಡ್ಡರನ್ನ ನೋಡೂ ಹಂಗ ನೋಡಿದ್ಲು:
'ನಾ ಹೊರಗ ಕುಂತು ತೆಗ್ಯಾಕತ್ತಿದ್ದೆ.
ಒಳಗ ಹೆಂಗ ಇರ್ಲಿ?'

ಅಷ್ಟರಾಗ ಅಜ್ಜ ತನ್ನ ಮೀಸಿ ಹತ್ರದಿಂದ ನೋಡಾಕ ಬಗ್ಗಿದ.
ಅಲ್ಲಿಂದ ಸುರು.
ಸೀನಿದವರು ನಕ್ರು, ನಕ್ಕವರು ಸೀನಿದ್ರು,
ಯಾರ ಕಣ್ಣೀರು ಯಾವ ಲೆಕ್ಕಕ್ಕ ಅಂತ
ಈಗೂ ಗೊತ್ತಿಲ್ಲ.

ನಮ್ಮಣ್ಣ ಮಾರ್ಕೆಟ್ಟಿನಾಗ ಹದಿನೆಂಟು ವರ್ಷ ಕಾಯಿ ನೋಡಿದಾವ.
ಬೆರಳಿಗೆ ಹಚ್ಚಿಕೊಂಡ, ಬಾಗಲದ ಬೆಳಕಿಗೆ ಹಿಡಿದ.
'ಬಣ್ಣ ಭಾರಿ. ಖಾರ ಕಡಿಮಿ. ನಮ್ಮೂರ ಮಾಲು ಖರೇ.
ಕ್ವಿಂಟಲ್ಲಿಗೆ ಮೂವತ್ತೆಂಟು ಸಾವಿರ.'
ಅಜ್ಜ ಮೂಗು ಒರಸಿಕೋತ, 'ನಲವತ್ತು. ಮೀಸಿ ಐತಿ.'
ಶಾಂತಕ್ಕ ಕಸಬರಿಗಿ ಎತ್ತಿ ನಲವತ್ತೊಂದಂದ್ಲು.

ದಾನಿ ಸೊಂಟದ ಮ್ಯಾಲ ಕೈಯಿಟ್ಟು
ಒಬ್ಬೊಬ್ಬರ ಮಾರಿ ನೋಡಿದ್ಲು.
'ಇವತ್ತು ರೇಟ್ ಬಿದ್ದೈತಿ. ಕೊಡೂದಿಲ್ಲ.
ಕೋಲ್ಡ್ ಸ್ಟೋರೇಜಿಗೆ ಇಡ್ತೇನಿ.'

ರಾತ್ರಿ ಹೆಪ್ಪಿಗೆ ಮಜ್ಜಗಿ ಬೇಕಂತ ಫ್ರಿಜ್ ತಗದ್ರ
ಮೊಸರಿನ ಗಡಿಗಿಗೆ ಒರಗಿ
ಆ ಸಣ್ಣ ದೀಪದಾಗ ನಿಂತೇವಿ ನಾವೆಲ್ಲಾ,
ಕೆಂಪಗ, ತಣ್ಣಗ,
ನಾಕು ಕೈ, ಒಂದು ಕಾಗಿ, ಕುತ್ತಿಗಿ ಇಲ್ಲದ ನಾನು.
ನನ್ನ ಹಿಂದ ಒಬ್ಬಾಕಿ
ನಿದ್ದಿಗಣ್ಣಾಗ ಬಂದು ನಿಂತಾಳ:
'ಅತ್ತೀ, ಬಾಗಲಾ ಹಾಕು.
ಮಾಲು ಕೆಡ್ತೇತಿ.'