ಮೂರನೇ ತೂತು

ಬರ್ಕಾದ ಹೊರಗ, ಖರ್ಜೂರದ ತ್ವಾಟ ಮುಗದು
ಉಪ್ಪಿನ ನೆಲ ಚಾಲೂ ಆಗೂವಲ್ಲಿ
ಹದಿನೇಳು ಕುದರಿ, ಒಬ್ಬ ನಾಲಬಂದ.
ಆ ಒಬ್ಬ ನಾನು, ದಾವಲಸಾಬ.

ನಸುಕಿನ ನಾಲ್ಕೂವರಿಗೆ ಏಳತೇನಿ.
ಏಳತೇನಿ ಅಂದರ ಒಮ್ಮಿಗೇ ಅಲ್ಲ:
ಮೊದಲು ಒಂದು ಮಗ್ಗಲಿಗೆ ಹೊಳ್ಳೂದು,
ಆಮ್ಯಾಲ ಮಂಚದ ಕಬ್ಬಿಣ ಹಿಡಿಯೂದು,
ಆಮ್ಯಾಲ ಯಾ ಅಲ್ಲಾ ಅನ್ನೂದು.
ಮ್ಯಾಲಿನ ಮಂಚದ ಇದ್ರಿಸ್, ಸುಡಾನದಾಂವ,
ನಿದ್ದಿಗಣ್ಣಾಗ ಕೈ ಇಳಿಬಿಡತಾನ.
ಮ್ಯಾನೇಜರಗ ಹೇಳಬ್ಯಾಡ ಅಂದೇನಿ.
ಇದು ವೀಸಾ ಹೊಸಾದು ಮಾಡೂ ತಿಂಗಳು.

ನಮ್ಮಪ್ಪ ಎತ್ತಿಗೆ ಲಾಳ ಬಡಿತಿದ್ದ,
ಲಕ್ಷ್ಮೇಶ್ವರದ ಸಂತ್ಯಾಗ, ಬೇವಿನ ಬುಡಕ.
ಹಗ್ಗ ಸುತ್ತಿ, ಎತ್ತು ಕೆಡವಿ,
ನಾಲ್ಕೂ ಕಾಲು ಕೂಡಿಸಿ ಕಟ್ಟಿ
ಕವಲುಕಟ್ಟಿಗಿ ಮ್ಯಾಲ ಏರಿಸಿ.
ಬಗ್ಗಿ ಬಗ್ಗಿ ಅಂವನೂ ಲಾಳದಂಗಾದ.
ಸತ್ತ ದಿನ ಮೈ ತೊಳಿಯೂವಾಗ
ನೆಟ್ಟಗ ಮಲಗಿಸಾಕ ಬರಲಿಲ್ಲಂತ.
ತಮ್ಮ ಫೋನಿನ್ಯಾಗ ಹೇಳಿದಾಗ
ನಾ ಯಾವುದೋ ಗೊರಸು ಹಿಡಕೊಂಡು ನಿಂತಿದ್ದೆ.

ಕುದರಿಯ ಮಾತು ಬ್ಯಾರೆ. ಕೆಡವೂ ಹಂಗಿಲ್ಲ.
ಅದು ನಿಂತಿರಬೇಕು, ನೀ ಬಗ್ಗಬೇಕು.
ಮುಂಗಾಲು ನಿನ್ನ ಮೊಣಕಾಲ ಸಂದ್ಯಾಗ,
ಹಿಂಗಾಲು ನಿನ್ನ ತೊಡಿಮ್ಯಾಲ.
ಶಹ್ಲಾ ಅನ್ನೂ ಬಿಳಿ ಮುದುಕಿ, ಹತ್ತೊಂಬತ್ತು ವರ್ಷದಾಕಿ,
ತನ್ನ ಭಾರ ಸಾವಕಾಶ ನನ್ನ ಮ್ಯಾಲ ಹಾಕತಾಳ,
ಬ್ಯಾಂಕಿನ್ಯಾಗ ಠೇವಣಿ ಇಟ್ಟಂಗ.

ಮೊನ್ನೆ ಆಕಿ ಗೊರಸು ಕೆತ್ತೂವಾಗ
ನಡುವಿನ್ಯಾಗ ಏನೋ ಚಟ್ ಅಂತು.
ಅರ ಕೈ ಜಾರಿ ಬಿತ್ತು.
ನಾ ಬೀಳಲಿಲ್ಲ. ಬೀಳಾಕೂ ಬರಲಿಲ್ಲ.

ವೆಲ್ಡರ್ ಮುರಾದ್ ಬಲೂಚಿ ಮಾಡಿಕೊಟ್ಟ ಕಂಬ:
ಲಾರಿಯ ಹಳೇ ಬ್ರೇಕ್ ಡ್ರಮ್ಮಿನ ತಳ,
ಪೈಪಿನ್ಯಾಗ ಪೈಪು, ಪಿನ್ನಿಗೆ ಆರು ತೂತು,
ತುದಿಗೆ ಟೈರು ಸುತ್ತಿದ ಕಬ್ಬಿಣದ ಬೊಗಸಿ.
ಎಷ್ಟು ಕೊಡಲಿ ಅಂದರ
ನನ್ನ ಬೆನ್ನೂ ಹಂಗಽ ಐತಿ ಅಂದು
ಮೂರು ರಿಯಾಲ್ ಇಸಕೊಂಡ.

ಎರಡು ದಿನ ಅದನ್ನ ಹುಲ್ಲಿನ ಪೆಂಡಿ ಹಿಂದ ಬಚ್ಚಿಟ್ಟೆ.
ನಾಲಬಂದ ಅನ್ನಾಂವಗ ಮೊಣಕಾಲಽ ಕಂಬ.
ಒದಿಯೂ ಮೊದಲು ಕಾಲಾಗ ಒಂದು ನಡುಕ ಬರತೈತಿ,
ತೊಡಿಗೆ ತಿಳೀತೈತಿ.
ಬ್ರೇಕ್ ಡ್ರಮ್ಮಿಗೇನು ತಿಳೀತು?

ಮೂರನೇ ದಿನ ಬೆನ್ನು ಮಾತು ಕೇಳಲಿಲ್ಲ.
ಕಂಬ ತಂದೆ, ಐದನೇ ತೂತಿಗೆ ಪಿನ್ನು ಹಾಕಿದೆ,
ನನ್ನ ನಡುವಿಗೆ ಸುಖದ ಎತ್ತರ.
ಶಹ್ಲಾ ಕಾಲಿಟ್ಟಳು, ಜಗ್ಗಿದಳು.
ಇಟ್ಟಳು, ಜಗ್ಗಿದಳು. ಕಂಬ ಉರುಳಿ
ಇಡೀ ಲಾಯ ಕೆನೀತು.

ಆವಾಗ ನೋಡಿದೆ, ನಂದೊಂದು ಕೈ ಖಾಲಿ ಐತಿ.
ಇಪ್ಪತ್ತೆರಡು ವರ್ಷದಾಗ ಲಾಯದೊಳಗ
ಅದಕ್ಕೆಂದೂ ಪುರಸೊತ್ತಿರಲಿಲ್ಲ.
ಏನು ಮಾಡಬೇಕೋ ತಿಳೀದಽ
ಆಕಿ ಹಿಂಗಾಲಿನ ಕೀಲಿನ ಮ್ಯಾಲ ಇಟ್ಟೆ.
ಚಹಾದ ಗ್ಲಾಸಿನಷ್ಟು ಬಿಸಿ.
ಒಳಗ ಬೀಸೂಕಲ್ಲಿನ್ಯಾಗ ಉಸುಕು ಹಾಕಿದಂಗ.

ನಾ ಬಗ್ಗಲಾರದ್ದಕ್ಕ ವರ್ಷಗಟ್ಟಲೆ
ಆಕಿ ಕಾಲು ಮ್ಯಾಲ ಮ್ಯಾಲ ಎಳದಿದ್ದೆ.
ಆಕಿಯೂ ಯಾರಿಗೂ ಹೇಳಿರಲಿಲ್ಲ.

ಪಿನ್ನು ತೆಗದೆ. ನಾಲ್ಕನೇ ತೂತು. ಒಲ್ಲೆ ಅಂದಳು.
ಮೂರನೇದು.
ಗೊರಸು ಬೊಗಸ್ಯಾಗ ಕುಂತಿತು.
ಕಿವಿ ಸಡಿಲಾದವು. ಮೂಗಿನಿಂದ
ಉದ್ದನ್ನ ಉಸಿರು, ನನ್ನ ಕೊರಳಿನ ಹಿಂದ.

ಮೂರನೇ ತೂತು ನನಗ ತಗ್ಗು.
ಬಗ್ಗಽಬೇಕು. ಬಗ್ಗತೇನಿ.
ಭಾರ ಮಾತ್ರ ನನ್ನ ಮ್ಯಾಲಿಲ್ಲ.
ನಾಲ್ಕು ಸಲ ಅರ ಎಳದು ಎದ್ದು ನಿಲ್ಲತೇನಿ,
ಸಮುದ್ರದ ಕಡೆ ನೋಡತೇನಿ, ಮತ್ತ ನಾಲ್ಕು ಸಲ.
ಅಪ್ಪನ ಕವಲುಕಟ್ಟಿಗಿ ಕಣ್ಣಿಗೆ ಕಟ್ಟತೈತಿ.
ಎತ್ತಿನ ಕಾಲಿಗೆ ಆಸರ ಇಟ್ಟಾಂವ
ತನಗೊಂದು ಯಾಕ ಕಡಕೊಳ್ಳಲಿಲ್ಲೋ.

ಸಂಜಿಗೆ ಮ್ಯಾನೇಜರ್ ಬಂದ. ಇದೇನು ಅಂದ.
ಇದ್ರಿಸ್ ನನ್ನ ಮಾರಿ ನೋಡಿದ.
ಕುದರಿಗೆ, ಅಂದೆ.
ಮುದುಕಿಗೆ ಕೀಲು ನೋವು, ಎತ್ತರ ತಾಳೂದಿಲ್ಲ.

ಸುಳ್ಳೇನಲ್ಲ.
ಅಂವ ಬರಕೊಂಡು ಹ್ವಾದ.
ಶಹ್ಲಾ ಬಾಯಾಗ ಹುಲ್ಲು ಹಿಡಕೊಂಡು
ಅಗಿಯೂದು ಬಿಟ್ಟು ನಿಂತಿದ್ದಳು.