ಚುಕ್ಕಿ ಹೊಡೆದ ಜಾಗ

ಶಿವಮೊಗ್ಗದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಪಕ್ಕ
ಮೂವತ್ತೊಂದು ವರ್ಷದಿಂದ ನನ್ನದೊಂದು ಟೈಪ್ ಮೆಷಿನ್ನು.
ಅದರ 'ರ' ಅಕ್ಷರದ ಹೊಟ್ಟೆಗೆ ಶಾಯಿ ಕಚ್ಚಿ ತುಂಬಿಹೋಗಿದೆ,
ಪಿನ್ನಿನಿಂದ ಎಷ್ಟು ಕೆದಕಿದರೂ
ರೂಪಾಯಿ ಎಂದು ಹೊಡೆದರೆ ಮೊದಲು ಬೀಳುವುದು ಕರಿ ಬೊಟ್ಟು.

ಗಾಡಿಕೊಪ್ಪದ ಹಿಟ್ಟಿನ ಗಿರಣಿಯ ಜಬೀನಾ
ಸ್ಟೂಲಿನ ಮೇಲೆ ಕರಾರು ಪತ್ರ ಹರವಿದಳು.
ಮಡಿಕೆಗಳಲ್ಲೆಲ್ಲ ರಾಗಿ ಹಿಟ್ಟು.
ಓದುವ ಮೊದಲೇ ಕಂಡೆ:
ಕರಾರಿನ ಎರಡೂ ರ ಕಣ್ಣು ಮುಚ್ಚಿಕೊಂಡಿದ್ದವು.

"ಬಾಯಲ್ಲಿ ಹದಿನೆಂಟು ಅಂದ್ರು ಅಣ್ಣ.
ಮೊದಲ ಕಂತಿನಿಂದಲೇ ಎಂಟು ಸಾವಿರದ ಆರುನೂರು.
ಫೈಲ್ ಚಾರ್ಜು ಅಂದ್ರು, ಇನ್ಶೂರೆನ್ಸು ಅಂದ್ರು.
ಪತ್ರ ಕೈಗೆ ಸಿಕ್ಕಿದ್ದು ಸಾಲ ತೀರಿದ ಮೇಲೆ."

ಹದಿನಾಲ್ಕನೇ ಸಾಲು: ಬಡ್ಡಿ ಶೇಕಡಾ, ಮುಂದೆ ಏಳು ಚುಕ್ಕಿ,
ಚುಕ್ಕಿಗಳ ಮೇಲೆ ನೀಲಿ ಪೆನ್ನಿನಲ್ಲಿ ಮೂವತ್ತಾರು.
ಮೂವತ್ತಾರು ನನ್ನದಲ್ಲ. ಚುಕ್ಕಿ ನನ್ನವು.
ನೆಹರೂ ರಸ್ತೆಯ ಎರಡನೇ ಮಹಡಿಯ ಫೈನಾನ್ಸಿಗೆ
ದಿನಕ್ಕೆ ಹತ್ತು ಕರಾರು, ಒಂದಕ್ಕೆ ಐವತ್ತು ರೂಪಾಯಿ.
"ಅಲ್ಲಿ ಹಾಗೇ ಬಿಡಿ, ಆಮೇಲೆ ತುಂಬ್ತೀವಿ" ಅಂದಿದ್ದರು. ಬಿಟ್ಟೆ.
ಚುಕ್ಕಿ ಹೊಡೆದರೆ ಸುಳ್ಳು ಬರೆದ ಹಾಗಲ್ಲ ಅಂದುಕೊಂಡೆ,
ಏಳು ಸಲ, ಒಂದೇ ಬೆರಳಿನಿಂದ.

ವಕೀಲ ಹಾಲಸ್ವಾಮಿ ಚಹಾ ಲೋಟ ಹಿಡಿದೇ ಬಂದರು.
"ಈ ಕರಾರು ನಿಲ್ಲಲ್ಲಮ್ಮ. ಬಡ್ಡಿ ಪೂರ್ತಿ ವಾಪಸ್ ಕೇಳೋಣ.
ಅಸಲಿಗೂ ಒಂದು ಕೈ ನೋಡೋಣ. ಅವರೇನು ಸಾಚಾನಾ?"

"ಒಂದು ಲಕ್ಷದ ಇಪ್ಪತ್ತು ಸಾವಿರ ಎಣಿಸಿ ತಗೊಂಡೋಳು ನಾನೇ.
ಆ ದುಡ್ಡಿನ ಮೋಟಾರು ಈಗಲೂ ತಿರುಗ್ತಿದೆ.
ಅವರ ಪತ್ರ ಸುಳ್ಳಾದರೆ ನನ್ನ ಗಿರಣಿಯೂ ಸುಳ್ಳಾಗುತ್ತಾ?
ಬಡ್ಡಿ ಕೊಟ್ಟ ತಪ್ಪಿನ ಲೆಕ್ಕ ನನಗೂ ಮೇಲಿನವನಿಗೂ ಇದೆ, ಅದು ಬೇರೆ.
ಹದಿನೆಂಟಕ್ಕೆ ಹೂಂ ಅಂದಿದ್ದೆ, ಹದಿನೆಂಟು ಅವರದು.
ಮಿಕ್ಕಿದ್ದು ನಲವತ್ತಮೂರು ಸಾವಿರದ ಇನ್ನೂರು. ಅಷ್ಟು ಬರೀರಿ.
ಕಾಳು ತಂದವರ ಹಿಟ್ಟಲ್ಲಿ ಮುಷ್ಟಿ ಉಳಿಸ್ಕೊಂಡೋಳಲ್ಲ ನಾನು."

"ಉಂಡ ಮನೆಯ ಜಂತೆ ಎಣಿಸಬಾರದಪ್ಪ" ಜೆರಾಕ್ಸಿನವನು ಗೊಣಗಿದ.
"ಉಂಡವರು ಯಾರು ಅಂತ ಮೊದಲು ಎಣಿಸು" ಅಂದಳು.

ವಕೀಲರು ನಗಲಿಲ್ಲ. ಲೋಟ ಕೆಳಗಿಟ್ಟರು.
"ನೀನು ಬಿಟ್ಟದ್ದು ಹಸಿದವನಿಗೆ ಹೋಗಲ್ಲ ತಾಯಿ,
ಇನ್ನೊಬ್ಬಳ ಹದಿನಾಲ್ಕನೇ ಸಾಲಿಗೆ ಹೋಗುತ್ತೆ."
ಆ ಮಾತಿಗೆ ಅವಳಲ್ಲಿ ಉತ್ತರವಿರಲಿಲ್ಲ.
ನನ್ನಲ್ಲಿ ಇವತ್ತಿಗೂ ಇಲ್ಲ.

ಹಾಳೆ ಸುತ್ತಿದೆ. ಶುರುವಿನಲ್ಲೇ ಎಡವಿದೆ:
ಸಾಲು ಎಂದು ಹೊಡೆಯಬೇಕಾದಲ್ಲಿ ಸಾಲ ಬಿತ್ತು.
ಒಂದು ಕೊಂಬಿನ ಅಂತರ.
ಇನ್ನೆರಡು ಕೀಲಿ ಒತ್ತಿದ್ದರೆ ಸಾಲದು.

"ಆ ಚುಕ್ಕಿ ಹೊಡೆದವನು ನಾನೇ" ಅಂದೆ, ಮೆಷಿನ್ನಿನ ಕಡೆ ನೋಡುತ್ತ.
"ಗೊತ್ತು. ನಿಮ್ಮ ರ ನೋಡಿ
ಆರು ಮೆಷಿನ್ ದಾಟಿ ಇಲ್ಲಿಗೆ ಬಂದೆ."
ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅರ್ಜಿಯ ಕೊನೆಗೆ, ಸಾಕ್ಷಿಗಳು ಎಂಬಲ್ಲಿ
ನನ್ನ ಹೆಸರು ಹೊಡೆದೆ, ತಂದೆಯ ಹೆಸರು, ವಯಸ್ಸು.
ನಾಳೆಯಿಂದ ಹತ್ತು ಕರಾರು ಬೇರೆ ಮೆಷಿನ್ನಿಗೆ ಹೋಗುತ್ತವೆ.
ಅಲ್ಲಿ ರ ಶುಭ್ರವಾಗಿ ಬೀಳುತ್ತದೆ,
ಚುಕ್ಕಿಯೂ.

ಮೂರು ಹಾಳೆಗೆ ನೂರೈವತ್ತು. ಬೇಡ ಅಂದೆ.
"ಯಾಕೆ? ನೀವು ಹೊಡೆದಿಲ್ವಾ?"
ನೋಟು ಸ್ಟೂಲಿನ ಮೇಲಿಟ್ಟು ರಸೀದಿ ಕೇಳಿದಳು.
ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಅಂಕಿಯಲ್ಲಿ ಹೊಡೆದೆ, ಅಕ್ಷರದಲ್ಲಿ ಹೊಡೆದೆ,
ಮಾತ್ರ ಎಂಬುದು ಬಿದ್ದ ಮೇಲೆ ಉಳಿದ ಜಾಗಕ್ಕೆ
ಹಾಳೆಯ ಅಂಚಿನ ತನಕ ಗೆರೆ ಎಳೆದೆ.